ಗ್ರಹಣದ ಕಲೆಯಿಂದ ಲೇಸರ್ ಬೆಳಕಿನವರೆಗೆ

ಮಗುವಿನ ಮುಖದ ಮೇಲೆ ಹುಟ್ಟಿನಿಂದ ಕೆಂಪು ಮಚ್ಚೆ ಇದ್ದರೆ ನಮ್ಮ ಕಡೆ ಮೊದಲ ಪ್ರಶ್ನೆ ಬರುವುದು ತಾಯಿಗೆ: "ಗ್ರಹಣದಾಗ ಹೊರಗ ಬಂದಿದ್ದೇನವ್ವ?" ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಎಲ್ಲ ಕಡೆಯೂ ಈ ಮಾತು ಕೇಳಿದವರು ನಾವು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದು ದೇಶದ ತುಂಬಾ ಸುದ್ದಿಯಾಯಿತು. ಹುಟ್ಟಿನ ಕುಂದಿಗೆ ಗ್ರಹಣವನ್ನು ಹೊಣೆ ಮಾಡುವ ಈ ನಂಬಿಕೆಯ ಎದುರಿಗೆ ಮಚ್ಚೆಯ ನಿಜವಾದ ಇತಿಹಾಸ ಇಡಬೇಕು ಅನ್ನಿಸಿತು.

ಕೆಂಪು ಮಚ್ಚೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಹುಟ್ಟಿದ ಕೆಲವು ವಾರಗಳಲ್ಲಿ ಕಾಣಿಸಿಕೊಂಡು, ಕೆಲವು ತಿಂಗಳು ಉಬ್ಬಿ ಬೆಳೆದು, ವರ್ಷಗಳಲ್ಲಿ ತಾನೇ ಕುಗ್ಗುವ ಹಿಮಾಂಜಿಯೋಮ. ಇನ್ನೊಂದು, ಹುಟ್ಟುವಾಗಲೇ ಇದ್ದು, ಮಗುವಿನ ಜೊತೆಗೇ ಬೆಳೆದು, ವಯಸ್ಸಾದಂತೆ ಗಾಢವಾಗುವ ಪೋರ್ಟ್‌ವೈನ್ ಮಚ್ಚೆ. ಸಾವಿರ ಶಿಶುಗಳಲ್ಲಿ ಸುಮಾರು ಮೂವರಿಗೆ ಇದು ಇರುತ್ತದೆ. ಸೋವಿಯತ್ ನಾಯಕ ಗೋರ್ಬಚೇವ್ ಅವರ ತಲೆಯ ಮೇಲೆ ಜಗತ್ತೆಲ್ಲ ಕಂಡದ್ದು ಇದನ್ನೇ. ಈ ಎರಡನ್ನು ಸ್ಪಷ್ಟವಾಗಿ ಬೇರೆ ಮಾಡಿದವರು ಮುಲ್ಲಿಕೆನ್ ಮತ್ತು ಗ್ಲೊವಾಕಿ, 1982ರಲ್ಲಿ. 2013ರಲ್ಲಿ ಪೋರ್ಟ್‌ವೈನ್ ಮಚ್ಚೆಯ ಮೂಲವೂ ಸಿಕ್ಕಿತು: ಗರ್ಭದಲ್ಲಿ ಒಂದು ಜೀವಕೋಶದಲ್ಲಿ ಆಕಸ್ಮಿಕವಾಗಿ ಆಗುವ ಜೀನ್ ಬದಲಾವಣೆ. ಅದು ತಾಯಿ ಮಾಡಿದ ತಪ್ಪಲ್ಲ, ಸೂರ್ಯಚಂದ್ರರ ತಪ್ಪೂ ಅಲ್ಲ.

ಚಿಕಿತ್ಸೆಯ ಕಥೆ ಅಷ್ಟು ಸುಲಭದ್ದಲ್ಲ. ಲೇಸರ್ ಬರುವ ಮೊದಲು ಯುರೋಪಿನಲ್ಲಿ ರೇಡಿಯಂ ಇಟ್ಟು ಮಚ್ಚೆ ಸುಡುವ ಪ್ರಯತ್ನಗಳೂ ನಡೆದವು. ವಿಕಿರಣದ ಹಾನಿ ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. 1960ರ ಮೇ 16ರಂದು ಅಮೆರಿಕದ ಥಿಯೊಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದರು. ಕೆಲವೇ ವರ್ಷಗಳಲ್ಲಿ ಚರ್ಮವೈದ್ಯ ಲಿಯೋನ್ ಗೋಲ್ಡ್‌ಮನ್ ಅದನ್ನು ಚರ್ಮದ ಮೇಲೆ ಪರೀಕ್ಷಿಸಿದರು. 1970ರ ದಶಕದ ಆರ್ಗಾನ್ ಲೇಸರ್ ಮಚ್ಚೆಯನ್ನೇನೋ ತಿಳಿ ಮಾಡುತ್ತಿತ್ತು, ಆದರೆ ಬಿಸಿ ಸುತ್ತಲೂ ಹರಡಿ ಗಾಯದ ಕಲೆ ಉಳಿಯುತ್ತಿತ್ತು.

ದಾರಿ ತೋರಿಸಿದ್ದು 1983ರಲ್ಲಿ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್. ರಕ್ತದ ಹಿಮೋಗ್ಲೋಬಿನ್ ಹಳದಿ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಆ ಬೆಳಕನ್ನು ಕ್ಷಣಮಾತ್ರ ಬಿಟ್ಟರೆ, ಬಿಸಿ ಹೊರಗೆ ಹರಡುವ ಮೊದಲೇ ರಕ್ತನಾಳ ಮಾತ್ರ ಸುಟ್ಟು ಚರ್ಮ ಉಳಿಯುತ್ತದೆ. ಇದೇ ಲೆಕ್ಕದಲ್ಲಿ ಬಂದದ್ದು ಪಲ್ಸ್ಡ್ ಡೈ ಲೇಸರ್. 1989ರಲ್ಲಿ ಮಕ್ಕಳ ಮೇಲಿನ ಅದರ ಒಳ್ಳೆಯ ಫಲಿತಾಂಶ ಪ್ರಕಟವಾಯಿತು. ನಮ್ಮ ಕಂದು ಚರ್ಮಕ್ಕೆ ಒಂದು ತೊಡಕು ಇದೆ: ಮೆಲನಿನ್ ಕೂಡ ಆ ಬೆಳಕನ್ನು ಹೀರುತ್ತದೆ. ಆದ್ದರಿಂದ ಶಕ್ತಿ ಹದ ನೋಡಿ, ಚರ್ಮ ತಂಪು ಮಾಡುತ್ತ, ಅನುಭವಿಗಳೇ ಮಾಡಬೇಕು. ಹಲವು ಸರದಿ ಬೇಕು. ಪೂರ್ತಿ ಅಳಿಸುವುದು ಕಡಿಮೆ, ತಿಳಿಯಾಗುವುದು ಹೆಚ್ಚು. ಹಿಮಾಂಜಿಯೋಮಕ್ಕೆ ಮಾತ್ರ 2008ರಲ್ಲಿ ಫ್ರಾನ್ಸಿನ ಬೋರ್ಡೋದಿಂದ ಬೇರೆಯದೇ ಸುದ್ದಿ ಬಂತು. ಹೃದಯಕ್ಕೆಂದು ಮಗುವಿಗೆ ಕೊಟ್ಟ ಪ್ರೊಪ್ರನೊಲಾಲ್ ಔಷಧಿಗೆ ಗಂಟು ಕುಗ್ಗಿತ್ತು.

ಇನ್ನು ನಮ್ಮ ತಾಲ್ಲೂಕುಗಳ ಮಾತು. ಈ ಐದು ಊರುಗಳೂ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಚಿಂಚೋಳಿ ಬಿಟ್ಟರೆ ಉಳಿದ ನಾಲ್ಕಕ್ಕೂ ರೈಲು ಇದೆ. ಕಲಬುರಗಿಯಲ್ಲಿ 1963ರಿಂದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿದೆ, ಆಮೇಲೆ ಸರ್ಕಾರಿ ಕಾಲೇಜುಗಳೂ ಬಂದವು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳ ತಪಾಸಣೆ ನಡೆಯುತ್ತದೆ. ಆದರೆ ಅದರ 9 ಜನ್ಮದೋಷಗಳ ಪಟ್ಟಿಯಲ್ಲಿ ಸೀಳುತುಟಿ ಇದೆ, ಕೆಂಪು ಮಚ್ಚೆ ಇಲ್ಲ.

ಪಟ್ಟಿಯಲ್ಲಿ ಇಲ್ಲ ಅಂದರೆ ಅಪಾಯ ಇಲ್ಲ ಅಂತಲ್ಲ. ಹಣೆ, ರೆಪ್ಪೆಯ ಮೇಲಿನ ಪೋರ್ಟ್‌ವೈನ್ ಮಚ್ಚೆಯ ಜೊತೆ ಕೆಲವು ಮಕ್ಕಳಲ್ಲಿ ಮೂರ್ಛೆ, ಕಣ್ಣಿನ ಒತ್ತಡ ಬರಬಹುದು. ಇಂಗ್ಲೆಂಡಿನ ಸ್ಟರ್ಜ್ 1879ರಲ್ಲೇ ಇದನ್ನು ಹೇಳಿದ್ದರು. ಕಣ್ಣಿನ ಒತ್ತಡ ಗಮನಿಸದೇ ಬಿಟ್ಟರೆ ದೃಷ್ಟಿ ಹೋಗುತ್ತದೆ. ರೆಪ್ಪೆ ಮುಚ್ಚುವಂತೆ ಬೆಳೆಯುವ ಹಿಮಾಂಜಿಯೋಮಕ್ಕೂ ತಡ ಸಲ್ಲದು. ಆದ್ದರಿಂದ ಆಶಾ ಕಾರ್ಯಕರ್ತೆಯರಲ್ಲಿ, ಅಂಗನವಾಡಿ ಅಕ್ಕಂದಿರಲ್ಲಿ ನಮ್ಮ ಕೋರಿಕೆ ಇಷ್ಟೇ: ಮುಖದಲ್ಲಿ ಕೆಂಪು ಮಚ್ಚೆ ಕಂಡರೆ ಮೊದಲ ತಿಂಗಳಲ್ಲೇ ಮಕ್ಕಳ ವೈದ್ಯರ ಹತ್ತಿರ, ಕಣ್ಣಿನ ವೈದ್ಯರ ಹತ್ತಿರ ಕಳಿಸಿ. ತಾಯಿಗೆ ಗ್ರಹಣದ ಪ್ರಶ್ನೆ ಕೇಳುವುದನ್ನು ಮಾತ್ರ ಬಿಡಿ.