ವಾಲ್ವ್ ಯಾಕೆ ಕೈಗೆ ಸಿಗಲ್ಲ?

ಜಯನಗರ, ಬನಶಂಕರಿ ಕಡೆಯ ಯಾವ ಪೆಟ್ರೋಲ್ ಬಂಕಲ್ಲಾದ್ರೂ ಬೆಳಿಗ್ಗೆ ನಿಂತು ನೋಡಿ. ಗಾಳಿ ಹೊಡೆಯೋ ಹುಡುಗ ಬೈಕನ್ನ ಹಿಂದೆ ಮುಂದೆ ತಳ್ಳಿ, ಡಿಸ್ಕಿನ ಸಂದಿಯಲ್ಲಿ ವಾಲ್ವ್ ಹುಡುಕ್ತಿರ್ತಾನೆ. ಪೈಪಿನ ಮೂತಿ ಒಳಗೆ ಹೋಗಲ್ಲ. ಓರೆಯಾಗಿ ಒತ್ತಿದ್ರೆ ಇದ್ದ ಗಾಳಿಯೂ 'ಪುಸ್' ಅನ್ನತ್ತೆ. "ಸರಿಯಾಗೇ ಇದೆ ಬಿಡಿ ಸರ್" ಅಂತಾನೆ, ನಾವೂ ಹೊರಡ್ತೀವಿ.

ಈ ತಾಪತ್ರಯಕ್ಕೂ ಒಂದು ಇತಿಹಾಸ ಇದೆ. ಗಾಳಿ ಟೈರಿಗೆ 1845ರಲ್ಲೇ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಪೇಟೆಂಟ್ ಪಡೆದಿದ್ದ. ಅದು ಚಲಾವಣೆಗೆ ಬಂದಿದ್ದು 1888ರಲ್ಲಿ, ಬೆಲ್‌ಫಾಸ್ಟಿನ ದನದ ಡಾಕ್ಟರ್ ಡನ್‌ಲಪ್‌ನಿಂದ. ನಮ್ಮೂರ ಸೈಕಲ್‌ಗಳಲ್ಲಿ ಇದ್ದದ್ದು ಸಣ್ಣ ರಬ್ಬರ್ ವಾಲ್‌ಟ್ಯೂಬ್ ಹಾಕಿದ ವಾಲ್ವ್. ಅದರಲ್ಲಿ ಗಾಳಿ ಒಳಗೆ ಹೋಗತ್ತೆ, ಆದ್ರೆ ಮೀಟರ್ ಇಟ್ಟು ಅಳೆಯೋದು ಕಷ್ಟ. ಅದಕ್ಕೇ ಎಲ್ಲರೂ ಹೆಬ್ಬೆರಳಲ್ಲಿ ಟೈರ್ ಒತ್ತಿ ನೋಡ್ತಿದ್ದದ್ದು. 1893ರಲ್ಲಿ ನ್ಯೂಯಾರ್ಕಿನ ಷ್ರೇಡರ್ ಕಂಪನಿಗೆ ಪೇಟೆಂಟ್ ಸಿಕ್ಕ ವಾಲ್ವ್‌ನಲ್ಲಿ ನಡುವೆ ಒಂದು ಪಿನ್ನು, ಸ್ಪ್ರಿಂಗು. ಪಿನ್ ಒತ್ತಿದ್ರೆ ಗಾಳಿ ಮೀಟರಿಗೆ ಬರತ್ತೆ. ಇವತ್ತಿನ ಬೈಕು, ಕಾರಲ್ಲಿರೋದೂ ಅದೇ ಜಾತಿಯ ವಾಲ್ವ್.

ಅಂದ್ರೆ ವಾಲ್ವ್ ಹೆಚ್ಚು ಬದಲಾಗಲಿಲ್ಲ, ಸುತ್ತಲಿನ ಜಾಗ ಬದಲಾಯ್ತು. 1961ರಿಂದ 1996ರವರೆಗೆ ಮೈಸೂರಲ್ಲಿ ತಯಾರಾದ ಜಾವಾ, ಯೆಜ್ಡಿಗಳಿಗೆ ಕಡ್ಡಿಯ ಚಕ್ರ, ಡ್ರಮ್ ಬ್ರೇಕು. ಕಡ್ಡಿಗಳ ನಡುವೆ ಕೈ ಆರಾಮಾಗಿ ಹೋಗ್ತಿತ್ತು. ಆಮೇಲೆ 1999ರ ಸಿಬಿಜ಼ಡ್, 2001ರ ಪಲ್ಸರ್ ಕಾಲದಿಂದ ಮುಂದಿನ ಚಕ್ರಕ್ಕೆ ಡಿಸ್ಕ್ ಬರ್ತಾ ಹೋಯ್ತು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ ಆಯ್ತು. ಹಿಂದಿನ ಚಕ್ರಕ್ಕೆ ಒಂದು ಕಡೆ ಚೈನು, ಇನ್ನೊಂದು ಕಡೆ ಸೈಲೆನ್ಸರ್. ಎಲ್ಲವೂ ಸುರಕ್ಷತೆಗೋ ಓಟಕ್ಕೋ ಬೇಕಾದದ್ದೇ. ನೇರವಾದ ವಾಲ್ವ್ ಮಾತ್ರ ಮಧ್ಯೆ ಸಿಕ್ಕಿಹಾಕಿಕೊಳ್ತು.

ಇದೇ ಹೊತ್ತಿಗೆ ಟ್ಯೂಬ್‌ಲೆಸ್ ಟೈರೂ ಬಂತು. ಟ್ಯೂಬಿದ್ದಾಗ ಮೊಳೆ ಚುಚ್ಚಿದ್ರೆ ಬೇಗ ಗೊತ್ತಾಗ್ತಿತ್ತು. ಟ್ಯೂಬ್‌ಲೆಸ್‌ನಲ್ಲಿ ಮೊಳೆಯೇ ತೂತು ಮುಚ್ಚಿಕೊಂಡು ಕೂತಿರತ್ತೆ, ಗಾಳಿ ದಿನಗಟ್ಟಲೆ ಇಳೀತಾ ಹೋಗತ್ತೆ. ಬಿಟಿಎಂ ಲೇಔಟಿನ ಮಳೆನೀರಲ್ಲಿ ದಿಢೀರ್ ಬ್ರೇಕ್ ಹಿಡಿದಾಗಲೋ, ತಿರುವಲ್ಲಿ ಹ್ಯಾಂಡಲ್ ಭಾರ ಆದಾಗಲೋ ಅದು ತಿಳಿಯೋದು. ಹೆಬ್ಬೆರಳಿಗೆ ಇದು ಗೊತ್ತಾಗಲ್ಲ. ಮೀಟರ್ ಅತಿ ಹೆಚ್ಚು ಬೇಕಾದ ಕಾಲದಲ್ಲೇ ಅದನ್ನ ಇಡೋಕೆ ಜಾಗ ಇಲ್ಲದಂತಾಯ್ತು.

ತಮಾಷೆ ಅಂದ್ರೆ ಉತ್ತರ ಚೇತಕ್ ಸ್ಕೂಟರಲ್ಲೇ ಇತ್ತು. ಅದರ ಹತ್ತಿಂಚಿನ ಪುಟ್ಟ ಚಕ್ರದಲ್ಲಿ ಜಾಗ ಇಲ್ಲ ಅಂತ ವಾಲ್ವಿನ ಕತ್ತನ್ನೇ ಪಕ್ಕಕ್ಕೆ ಬಗ್ಗಿಸಿದ್ರು. ಅಂಥ ಬಗ್ಗಿದ ವಾಲ್ವ್ ಈಗ ಟ್ಯೂಬ್‌ಲೆಸ್ ಬೈಕಿಗೂ ಸಿಗತ್ತೆ, ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿಗಳಲ್ಲಿ ಕೇಳಿ ನೋಡಿ. ಟೈರ್ ಬದಲಾಯಿಸುವಾಗಲೇ ಹಾಕಿಸಿ, ಕ್ಯಾಲಿಪರಿಗೆ ತಾಗಲ್ಲ ಅಂತ ಚಕ್ರ ಕೈಯಲ್ಲಿ ತಿರುಗಿಸಿ ನೋಡಿ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಅಳೀರಿ. ಎಷ್ಟಿರಬೇಕು ಅನ್ನೋದು ಬೈಕಿನ ಸ್ಟಿಕ್ಕರ್ ಅಥವಾ ಕೈಪಿಡಿಯಲ್ಲಿರತ್ತೆ. ಟೈರಿನ ಮೈಮೇಲೆ ಬರೆದಿರೋದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಡಿ.