ಸಫರ್

ಲ್ಯಾಟಿನ್ನಿನ ‘ಸಬ್’ ಎಂದರೆ ಕೆಳಗೆ, ‘ಫೆರ್ರೆ’ ಎಂದರೆ ಹೊರು. ಎರಡೂ ಕೂಡಿ, ಹಳೆಯ ಫ್ರೆಂಚ್ ಹಾದು ಇಂಗ್ಲಿಷಿಗೆ ಬಂದ ಕ್ರಿಯಾಪದವಿದು. ಅಡಿಯಲ್ಲಿ ನಿಂತು ಹೊರುವುದು ಮೂಲಾರ್ಥ. ಬೇಲೂರು, ಹಳೇಬೀಡಿನ ಗುಡಿಗಳ ತಳದಲ್ಲಿರುವ ಆನೆಸಾಲಿನಂತೆ. ಅರಸೀಕೆರೆ ಜಂಕ್ಷನ್ನಿನಲ್ಲಿ ಕಿವಿಗೆ ಬೀಳುವ ಉರ್ದು ‘ಸಫರ್’ ಬೇರೆ: ಅರಬ್ಬಿ ಮೂಲದ ಅದು ಪ್ರಯಾಣ. (ರೈಲು ತಡವಾದರೆ ಎರಡೂ ಒಂದೇ!)

ತೊಡಕಿರುವುದು ಬಳಕೆಯಲ್ಲಿ. ‘ನನಗೆ ಜ್ವರ ಬಂದಿದೆ’ ಎಂದಾಗ ಕನ್ನಡದಲ್ಲಿ ಜ್ವರವೇ ಕರ್ತೃ. ಇಂಗ್ಲಿಷಿನ ಸಫರ್‌ಗೆ ನರಳುವವನೇ ಕರ್ತೃ. ಕಾಯಿಲೆಯಾದರೆ ಮುಂದೆ ‘ಫ್ರಮ್’ ಬೇಕು, ‘ವಿತ್’ ಅಲ್ಲ. ನಷ್ಟ, ಸೋಲು, ಗಾಯಗಳಿಗೆ ಅದೂ ಬೇಡ. ನಮ್ಮ ಮಾತಿನಲ್ಲಿ ‘ಆಗು’ ಸೇರಿ ‘ತುಂಬ ಸಫರ್ ಆದ’ ಎಂದಾಗಿದೆ. ‘ಬಳಲಿದ’ ಎನ್ನುವುದೇ ನನಗಿಷ್ಟ.