ರಯಾನ್ ವಿರುದ್ಧ ಫೆಡರಲ್ ಟ್ರೇಡ್ ಕಮಿಷನ್ (2024)

ಕೆಲಸ ಬಿಟ್ಟ ನೌಕರ ಇಂತಿಷ್ಟು ಕಾಲ ಎದುರಾಳಿ ಕಂಪನಿ ಸೇರಬಾರದು, ಅದೇ ಬಗೆಯ ಸ್ವಂತ ಉದ್ಯಮವನ್ನೂ ಹೂಡಬಾರದು ಎಂಬ ಷರತ್ತೇ ನಾನ್‌ಕಂಪೀಟ್ ಕರಾರು. ಅಮೆರಿಕದಾದ್ಯಂತ ಇದನ್ನು ನಿಷೇಧಿಸಲು ಫೆಡರಲ್ ಟ್ರೇಡ್ ಕಮಿಷನ್ ರೂಪಿಸಿದ ನಿಯಮ ಬಿದ್ದುಹೋದದ್ದು ಟೆಕ್ಸಾಸ್‌ನ ಈ ಮೊಕದ್ದಮೆಯಲ್ಲಿ.

ಲೀನಾ ಖಾನ್ ಅಧ್ಯಕ್ಷೆಯಾಗಿದ್ದಾಗ, 2024ರ ಏಪ್ರಿಲ್ 23ರಂದು, ಕಮಿಷನ್ 3–2 ಮತಗಳಿಂದ ನಿಯಮವನ್ನು ಅಂಗೀಕರಿಸಿತು. ಸುಮಾರು 3 ಕೋಟಿ ಜನ ಇಂಥ ಕರಾರಿಗೆ ಸಿಲುಕಿದ್ದಾರೆ ಎಂಬುದು ಅದರ ಅಂದಾಜು. ದೊಡ್ಡ ಹುದ್ದೆಯವರಷ್ಟೇ ಅಲ್ಲ. ಮಿಶಿಗನ್‌ನ ಭದ್ರತಾ ಸಂಸ್ಥೆಯೊಂದು ಕನಿಷ್ಠ ಕೂಲಿಯ ಆಸುಪಾಸಿನಲ್ಲಿ ದುಡಿಯುವ ಕಾವಲುಗಾರರಿಂದಲೂ ಸಹಿ ಹಾಕಿಸಿಕೊಂಡಿತ್ತು: 2 ವರ್ಷ, 100 ಮೈಲಿ ವ್ಯಾಪ್ತಿಯಲ್ಲಿ ಅದೇ ಕೆಲಸ ಹಿಡಿಯುವಂತಿಲ್ಲ, ಮೀರಿದರೆ 1 ಲಕ್ಷ ಡಾಲರ್ ದಂಡ. ವ್ಯಾಪಾರದ ಗುಟ್ಟು ಕಾಯುವ ಸಬೂಬು ಇಲ್ಲಿ ನಿಲ್ಲುವುದಿಲ್ಲ.

ನಿಯಮ ಹೊರಬಿದ್ದ ದಿನವೇ ಡಲ್ಲಾಸ್‌ನ ತೆರಿಗೆ ಸಲಹಾ ಸಂಸ್ಥೆ ರಯಾನ್ ದಾವೆ ಹೂಡಿತು. ಅಮೆರಿಕದ ವಾಣಿಜ್ಯೋದ್ಯಮ ಸಂಘವೂ ಬಳಿಕ ಜೊತೆಗೂಡಿತು. ವಾದವೆಲ್ಲ ನಿಂತದ್ದು ಕಮಿಷನ್‌ ಅನ್ನು ಹುಟ್ಟುಹಾಕಿದ 1914ರ ಕಾಯ್ದೆಯ ಒಂದು ಉಪವಿಧಿಯ ಮೇಲೆ. ಅದು ಕಮಿಷನ್‌ಗೆ ನಿಯಮ ಮಾಡುವ ಅಧಿಕಾರವನ್ನೇನೋ ಕೊಡುತ್ತದೆ, ಆದರೆ ಎಂಥ ನಿಯಮ? ಆಂತರಿಕ ಕಾರ್ಯವಿಧಾನದ್ದು ಮಾತ್ರ ಎಂದರು ನ್ಯಾಯಾಧೀಶೆ ಏಡಾ ಬ್ರೌನ್. ಇಷ್ಟು ವ್ಯಾಪಕ ನಿಷೇಧಕ್ಕೆ ತಕ್ಕ ವಿವರಣೆಯಿಲ್ಲ ಎಂಬುದು ಅವರ ಎರಡನೆಯ ಆಕ್ಷೇಪ. ಆಗಸ್ಟ್ 20ರಂದು, ಜಾರಿಗೆ ಎರಡು ವಾರವಿದ್ದಾಗ, ನಿಯಮ ದೇಶದುದ್ದಕ್ಕೂ ರದ್ದಾಯಿತು.

ನ್ಯಾಯಾಲಯಗಳಲ್ಲಿ ಒಮ್ಮತವಿರಲಿಲ್ಲ. ಮರ ಕಡಿಯುವ, ಸವರುವ ಕಂಪನಿಯೊಂದು ತಡೆಯಾಜ್ಞೆ ಕೇಳಿದಾಗ ಪೆನ್ಸಿಲ್ವೇನಿಯಾದ ನ್ಯಾಯಾಲಯ ಕಮಿಷನ್‌ಗೆ ಅಧಿಕಾರವಿದೆ ಎಂಬ ನಿಲುವು ತಳೆದು ನಿರಾಕರಿಸಿತ್ತು. ಫ್ಲಾರಿಡಾದ ನ್ಯಾಯಾಲಯ ಇಷ್ಟು ದೊಡ್ಡ ಆರ್ಥಿಕ ನಿರ್ಧಾರಕ್ಕೆ ಸಂಸತ್ತಿನ ಸ್ಪಷ್ಟ ಅನುಮತಿ ಬೇಕೆಂದು ಹೇಳಿ, ಫಿರ್ಯಾದಿಗಷ್ಟೇ ತಡೆಯಾಜ್ಞೆ ನೀಡಿತು.

ಸರ್ಕಾರ ಬದಲಾದ ಮೇಲೆ, 2025ರ ಸೆಪ್ಟೆಂಬರ್ 5ರಂದು, ಕಮಿಷನ್ ರಯಾನ್ ತೀರ್ಪಿನ ವಿರುದ್ಧ ತಾನು ಸಲ್ಲಿಸಿದ್ದ ಮೇಲ್ಮನವಿ ಹಿಂಪಡೆಯಲು ಮುಂದಾಯಿತು. ಇನ್ನು ಒಂದೊಂದು ಕಂಪನಿಯ ಮೇಲೆ ಪ್ರತ್ಯೇಕ ಕ್ರಮವೇ ದಾರಿ ಎಂದಿತು. ವಕೀಲರನ್ನು ಹಿಡಿಯಲು ಹಣವಿಲ್ಲದ ದುಡಿಮೆಗಾರರಿಗೆ ಅದು ಬಹಳ ನಿಧಾನದ ದಾರಿ; ಕಾನೂನಿನೆದುರು ನಿಲ್ಲದ ಷರತ್ತೂ ಹೆದರಿಕೆಯಿಂದಲೇ ಜನರನ್ನು ಕಟ್ಟಿಹಾಕುತ್ತದೆ.

ರಾಜ್ಯಗಳ ಕಾನೂನುಗಳಿಗೆ ಈ ತೀರ್ಪು ತಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1872ರಿಂದಲೂ ಇಂಥ ಕರಾರು ಅನೂರ್ಜಿತ. ಮಿನ್ನೆಸೋಟ 2023ರ ಜುಲೈ 1ರಿಂದ ಹೊಸ ಕರಾರುಗಳನ್ನು ನಿಷೇಧಿಸಿದೆ. ಅದೇ 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್‌ಗೂ ಕ್ಯಾಲಿಫೋರ್ನಿಯಾದ ವಿಧಿಗೂ ಮೂಲ ಒಂದೇ: ನ್ಯೂಯಾರ್ಕ್‌ಗಾಗಿ ಡೇವಿಡ್ ಡಡ್ಲಿ ಫೀಲ್ಡ್ ಸಿದ್ಧಪಡಿಸಿದ ಸಂಹಿತೆಯ ಕರಡು. ಇಂಥ ಕರಾರು ಅಲ್ಲಿನಂತೆ ಇಲ್ಲೂ ಅನೂರ್ಜಿತ; ಹಾಗಾಗಿ ಬೆಂಗಳೂರಿನ ನೌಕರರು ರಾಜೀನಾಮೆಯ ನಂತರ ಎಲ್ಲಿ ಸೇರಬಾರದೆಂಬ ಷರತ್ತನ್ನು ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಎತ್ತಿಹಿಡಿಯುವುದಿಲ್ಲ.